ಕಾಕ್ಲಿಯರ್ ಇಂಪ್ಲಾಂಟ್ ಮತ್ತು ರೋಲರ್ ಕೋಸ್ಟರ್: ವಿಚಾರಣೆಯಿಲ್ಲದ ನಿರ್ಬಂಧ

ವೇಗದ ಆಟಗಳ ಪ್ರವೇಶದ್ವಾರದಲ್ಲಿ ಮನರಂಜನಾ ಉದ್ಯಾನಗಳು ಹಾಕುವ ಎಚ್ಚರಿಕೆಯ ಫಲಕಗಳಲ್ಲಿ ಹೃದ್ರೋಗಿಗಳು, ಗರ್ಭಿಣಿಯರು, ಬೆನ್ನು ಮತ್ತು ಕುತ್ತಿಗೆಯ ತೊಂದರೆ ಇರುವವರು ಎಂಬ ಪಟ್ಟಿಯ ಕೊನೆಗೆ, ದೇಹದೊಳಗೆ ವೈದ್ಯಕೀಯ ಸಾಧನ ಅಳವಡಿಸಿಕೊಂಡವರು ಎಂಬ ಸಾಲೂ ಕಾಣಿಸುವುದುಂಟು. ಶಸ್ತ್ರಚಿಕಿತ್ಸೆಯಿಂದ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳನ್ನೂ ವಯಸ್ಕರನ್ನೂ ಈ ಒಂದು ಸಾಲಿನ ಬಲದಿಂದ ಸರತಿಯಿಂದ ಹೊರಗೆ ನಿಲ್ಲಿಸಿದರೆ, ಅಪಾಯ ಯಾವುದು, ಎಷ್ಟು, ಸಾಧನದ ಯಾವ ಭಾಗಕ್ಕೆ ಎಂದು ವಿಚಾರಿಸಬೇಕಾದ ಹೊಣೆಯಿಂದ ಉದ್ಯಾನ ನುಣುಚಿಕೊಂಡಂತಾಗುತ್ತದೆ.

ಕಿವಿ ಕೇಳದವರಿಗೆ ಶಬ್ದ ಕೇಳಿಸುವ ಈ ಸಾಧನಕ್ಕೆ ಎರಡು ಭಾಗಗಳಿವೆ. ಕಿವಿಯ ಹಿಂದೆ ಚರ್ಮದಡಿಯಲ್ಲಿ ಕೂರುವ ಒಳಭಾಗದಲ್ಲಿ ಸಂಕೇತ ಸ್ವೀಕರಿಸುವ ಘಟಕ, ಒಂದು ಸಣ್ಣ ಅಯಸ್ಕಾಂತ ಹಾಗೂ ಒಳಗಿವಿಯ ಶಂಖಾಕೃತಿಯ ಕಾಕ್ಲಿಯಾದೊಳಕ್ಕೆ ಹೋಗುವ ವಿದ್ಯುದ್ವಾರಗಳ ಎಳೆ ಇರುತ್ತವೆ; ಹೊರಭಾಗದಲ್ಲಿ ಮೈಕ್ರೊಫೋನ್, ಶಬ್ದವನ್ನು ಸಂಕೇತವಾಗಿ ಮಾರ್ಪಡಿಸುವ ಪ್ರೊಸೆಸರ್, ಮತ್ತು ಆ ಸಂಕೇತವನ್ನು ರೇಡಿಯೊ ತರಂಗದ ಮೂಲಕ ಚರ್ಮದಾಚೆಗೆ ಕಳುಹಿಸುವ ಕಾಯಿಲ್ ಇರುತ್ತವೆ. ಕಾಯಿಲ್ ತಲೆಗೆ ಅಂಟಿಕೊಂಡಿರುವುದು ಕೇವಲ ಅಯಸ್ಕಾಂತದ ಸೆಳೆತದಿಂದ. ಸಾಮಾನ್ಯವಾಗಿ ಬಳಕೆಯಲ್ಲಿರುವ ಮಾದರಿಗಳ ಒಳಭಾಗದಲ್ಲಿ ಬ್ಯಾಟರಿ ಇರುವುದಿಲ್ಲವಾದ್ದರಿಂದ, ಕಾಯಿಲ್ ಕಳಚಿದ ಕ್ಷಣದಲ್ಲೇ ಒಳಗಿನ ಘಟಕ ನಿಷ್ಕ್ರಿಯವಾಗುತ್ತದೆ ಮತ್ತು ಧರಿಸಿದವರಿಗೆ ಅದರ ಮೂಲಕ ಬರುತ್ತಿದ್ದ ಶಬ್ದ ನಿಲ್ಲುತ್ತದೆ. ಹೃದಯದ ಬಡಿತವನ್ನೇ ಕಾಯುವ, ತನ್ನದೇ ಬ್ಯಾಟರಿಯಿಂದ ಸದಾ ಕೆಲಸ ಮಾಡುತ್ತಿರುವ ಪೇಸ್‌ಮೇಕರ್‌ನ ಜೊತೆಗೆ ಇದನ್ನು ಒಂದೇ ಸಾಲಿನಲ್ಲಿ ಸೇರಿಸುವುದು ಇದೇ ಕಾರಣಕ್ಕೆ ತಪ್ಪು.

ನಿರ್ಬಂಧವನ್ನು ಸಮರ್ಥಿಸುವವರು ಮೊದಲು ಮುಂದಿಡುವ ಕಾರಣ ಅಯಸ್ಕಾಂತ. ಆಧುನಿಕ ರೋಲರ್ ಕೋಸ್ಟರ್‌ಗಳಲ್ಲಿ ಬಂಡಿಯನ್ನು ನಿಲ್ಲಿಸಲು, ಕೆಲವೆಡೆ ಅದನ್ನು ಒಮ್ಮೆಲೇ ಮುಂದಕ್ಕೆ ಚಿಮ್ಮಿಸಲು, ಪ್ರಬಲ ಅಯಸ್ಕಾಂತಗಳನ್ನು ಬಳಸುವುದು ನಿಜ. ಆದರೆ ಅವು ಸಾಮಾನ್ಯವಾಗಿ ಇರುವುದು ಹಳಿಯ ಮಟ್ಟದಲ್ಲಿ, ಬಂಡಿಯ ತಳಭಾಗದ ಸಮೀಪ. ಕಾಂತಕ್ಷೇತ್ರ ದೂರ ಹೆಚ್ಚಿದಂತೆ ಬಹು ಬೇಗ ಕ್ಷೀಣಿಸುವುದರಿಂದ, ಕುಳಿತವರ ತಲೆಯ ಎತ್ತರದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಅಳೆದು ಹೇಳಬೇಕೇ ಹೊರತು ಊಹಿಸಿ ಅಲ್ಲ. ಇಡೀ ತಲೆಯನ್ನು 1.5 ಅಥವಾ 3 ಟೆಸ್ಲಾ ಬಲದ ಕ್ಷೇತ್ರದೊಳಗೆ ಇಡುವ ಎಂಆರ್‌ಐ ಪರೀಕ್ಷೆಯ ವಿಷಯದಲ್ಲಿ ಕೂಡ ವೈದ್ಯಲೋಕ ಇಂಪ್ಲಾಂಟ್ ಇರುವವರೆಲ್ಲರನ್ನೂ ಹೊರಗಟ್ಟಿಲ್ಲ: ಯಾವ ಮಾದರಿಗೆ ಎಷ್ಟು ಬಲದವರೆಗೆ ಅಡ್ಡಿಯಿಲ್ಲ, ಯಾವುದಕ್ಕೆ ತಲೆಗೆ ಬಿಗಿಯಾಗಿ ಪಟ್ಟಿ ಸುತ್ತಬೇಕು, ಯಾವುದರ ಅಯಸ್ಕಾಂತವನ್ನು ಮೊದಲೇ ತೆಗೆಸಬೇಕು ಎಂಬುದನ್ನು ತಯಾರಕರು ಮಾದರಿವಾರು ಬರೆದುಕೊಟ್ಟಿದ್ದಾರೆ. ಆಸ್ಪತ್ರೆಗೆ ಸಾಧ್ಯವಾದ ಈ ವಿವೇಚನೆ ಉದ್ಯಾನಕ್ಕೆ ಅಸಾಧ್ಯವೆನ್ನಲು ಕಾರಣವಿಲ್ಲ.

ಅಯಸ್ಕಾಂತಕ್ಕಿಂತ ಚೆನ್ನಾಗಿ ತಿಳಿದಿರುವ ಅಪಾಯ ಸ್ಥಿರವಿದ್ಯುತ್ತಿನದು. ಪ್ಲಾಸ್ಟಿಕ್ ಜಾರುಬಂಡೆಯ ಮೇಲೆ ಮಗು ಜಾರುವಾಗ ಮೈಯಲ್ಲಿ ಸಂಗ್ರಹವಾಗುವ ಆವೇಶ ಸಾಧನದ ಮೂಲಕ ಹರಿದರೆ, ಪ್ರೊಸೆಸರ್‌ನಲ್ಲಿ ಶ್ರವಣತಜ್ಞರು ಆ ಮಗುವಿಗೆಂದೇ ಹೊಂದಿಸಿಟ್ಟ ಕಾರ್ಯಕ್ರಮ, ಅಂದರೆ ‘ಮ್ಯಾಪ್’, ಕೆಡಬಹುದು, ಅಪರೂಪಕ್ಕೆ ಒಳಭಾಗಕ್ಕೂ ಹಾನಿಯಾಗಬಹುದು ಎಂಬ ಎಚ್ಚರಿಕೆ ಬಹುಕಾಲದಿಂದ ಇದೆ. ಈಚಿನ ಸಾಧನಗಳಲ್ಲಿ ಇದರ ವಿರುದ್ಧ ರಕ್ಷಣೆ ಹೆಚ್ಚಿದೆ. ಹಾಗೆಂದು ಅಂಥ ಮಕ್ಕಳಿಗೆ ಜಾರುಬಂಡೆಯನ್ನೇ ನಿಷೇಧಿಸಬೇಕೆಂದು ಶ್ರವಣತಜ್ಞರು ಸಾಮಾನ್ಯವಾಗಿ ಹೇಳುವುದಿಲ್ಲ. ಹೊರಭಾಗವನ್ನು ತೆಗೆದಿಟ್ಟು ಜಾರಲಿ ಎಂಬುದಷ್ಟೇ ಅವರ ಸಲಹೆ, ಮತ್ತು ಅದು ಸಾಕಾಗಿದೆ.

ರೋಲರ್ ಕೋಸ್ಟರ್‌ನಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಬೇರೆ ಇದೆ. ಭುಜದ ಮೇಲಿಂದ ಇಳಿಯುವ ಗಟ್ಟಿ ಬಂಧಕಗಳಿರುವ ಹಳೆಯ ಬಂಡಿಗಳಲ್ಲಿ ತಿರುವು ಬಂದಾಗ ತಲೆಯ ಪಕ್ಕ ಬಂಧಕಕ್ಕೆ ಬಡಿಯುತ್ತದೆ. ಇಂಪ್ಲಾಂಟ್ ಇರುವುದು ಸರಿಯಾಗಿ ಅಲ್ಲಿಯೇ. ಈ ಒಂದು ಬಗೆಯ ಬಂಡಿಗೆ ಸ್ಪಷ್ಟ ಎಚ್ಚರಿಕೆ ಬೇಕು, ಶಸ್ತ್ರಚಿಕಿತ್ಸೆಯ ಗಾಯ ಮಾಗುವ ಅವಧಿಯಲ್ಲಿ ಎಲ್ಲ ಬಂಡಿಗಳಿಗೂ ಬೇಕು. ವೇಗದಲ್ಲಿ ಕಳಚಿ ಹಾರುವ ಪ್ರೊಸೆಸರ್ ಹಿಂದೆ ಕುಳಿತವರಿಗೆ ಪೆಟ್ಟು ಮಾಡೀತೆಂಬ ಆತಂಕವೂ ನ್ಯಾಯವೇ, ಆದ್ದರಿಂದ ಹೊರಭಾಗ ತೆಗೆದಿಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ‘ತೆಗೆದಿಡಿ’ ಎಂಬ ನಿಯಮದಿಂದ ‘ಹತ್ತಬೇಡಿ’ ಎಂಬ ನಿಯಮಕ್ಕೆ ಜಿಗಿಯುವಲ್ಲಿ ಮಾತ್ರ ತರ್ಕ ಕೈಕೊಡುತ್ತದೆ: ಹುಟ್ಟಿನಿಂದ ಕಿವುಡರಾಗಿ ಯಾವ ಸಾಧನವನ್ನೂ ಧರಿಸದವರನ್ನು ಹತ್ತಿಸಿಕೊಳ್ಳುವ ಬಂಡಿ, ಹೊರಭಾಗ ಕಳಚಿ ಅವರಂತೆಯೇ ಕುಳಿತವರನ್ನು ಯಾವ ಆಧಾರದ ಮೇಲೆ ಇಳಿಸೀತು?

ಕಾನೂನು ಈ ಆಧಾರವನ್ನೇ ಕೇಳುತ್ತದೆ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆಯಡಿಯ ನಿಯಮಗಳ ಪ್ರಕಾರ ಸುರಕ್ಷತೆಯ ಷರತ್ತುಗಳು ವಾಸ್ತವದ ಅಪಾಯವನ್ನು ಆಧರಿಸಿರಬೇಕು. ಊಹೆ ಅಥವಾ ಅಂಗವಿಕಲರ ಕುರಿತ ಸಾರಾಸಗಟು ಕಲ್ಪನೆ ಸಾಲದು. ಒರ್ಲಾಂಡೊದ ಜಲೋದ್ಯಾನವೊಂದು ಒಂದು ಕೈಯಿಲ್ಲದ ವ್ಯಕ್ತಿಗೆ ಸವಾರಿ ನಿರಾಕರಿಸಿದ ಪ್ರಕರಣದಲ್ಲಿ, ತಯಾರಕರ ಸೂಚನೆಯನ್ನು ಪಾಲಿಸಬೇಕೆಂದು ರಾಜ್ಯದ ಕಾನೂನು ಹೇಳುತ್ತದೆ ಎಂಬುದೊಂದೇ ಆ ನಿರಾಕರಣೆಗೆ ಸಮರ್ಥನೆಯಾಗದು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಹೇಳಿತು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 3ನೇ ಸೆಕ್ಷನ್ ಕೂಡ, ನ್ಯಾಯಸಮ್ಮತ ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣದ ಕ್ರಮವೆಂದು ತೋರಿಸದ ಹೊರತು ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದು ಎನ್ನುತ್ತದೆ. 29ನೇ ಸೆಕ್ಷನ್ ಮನರಂಜನೆಯಲ್ಲಿ ಸಮಾನವಾಗಿ ಪಾಲ್ಗೊಳ್ಳುವ ಹಕ್ಕನ್ನು ಹೆಸರಿಸಿಯೇ ಹೇಳುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಅವರನ್ನು 2012ರಲ್ಲಿ ವಿಮಾನದಿಂದ ಇಳಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ವಿಮಾನವಾಗಲಿ ಬಂಡಿಯಾಗಲಿ, ವಿಚಾರಿಸದೆ ಇಳಿಸುವ ಅಭ್ಯಾಸಕ್ಕೆ ಆ ತೀರ್ಪು ಅನ್ವಯಿಸಿಕೊಳ್ಳಬೇಕಾದ ಪಾಠ.

ಹತ್ತಲು ಬಿಟ್ಟ ಮಾತ್ರಕ್ಕೆ ಉದ್ಯಾನದ ಕರ್ತವ್ಯ ಮುಗಿಯುವುದೂ ಇಲ್ಲ. ಪ್ರೊಸೆಸರ್ ಕಳಚಿದ ಬಾಲಕಿಗೆ ಸಿಬ್ಬಂದಿಯ ಕೂಗು, ಬಂಡಿ ಕೆಟ್ಟು ಎತ್ತರದಲ್ಲಿ ನಿಂತಾಗ ಧ್ವನಿವರ್ಧಕದಲ್ಲಿ ಬರುವ ಸೂಚನೆ, ಪಕ್ಕದಲ್ಲಿ ಕುಳಿತ ತಾಯಿಯ ಮಾತು, ಯಾವುದೂ ಕೇಳಿಸುವುದಿಲ್ಲ. ಆದ್ದರಿಂದ ಸೂಚನೆಗಳನ್ನೆಲ್ಲ ಸಾಧನ ಕಳಚುವ ಮೊದಲೇ ತಿಳಿಸಬೇಕು, ಚಿತ್ರಗಳಲ್ಲೂ ಕೈಸನ್ನೆಯಲ್ಲೂ ಮತ್ತೆ ತೋರಿಸಬೇಕು, ತುರ್ತು ಸಂದರ್ಭಕ್ಕೆ ಬೆಳಕಿನ ಸಂಕೇತ ಇರಬೇಕು. ಕಳಚಿದ ಸಾಧನವನ್ನು ಎಲ್ಲರ ಚೀಲ, ಚಪ್ಪಲಿಗಳ ರಾಶಿಯಲ್ಲಿ ಇಡುವಂತೆ ಹೇಳಿ, ಕಳೆದುಹೋದರೆ ಹೊಣೆಯಲ್ಲ ಎಂದು ಫಲಕ ಬರೆಸುವುದು ಕ್ರೂರ. ಅಂಗವಿಕಲರಿಗೆ ಸಾಧನಗಳನ್ನು ಒದಗಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ನೆರವಿನಿಂದ, ಲಕ್ಷಾಂತರ ರೂಪಾಯಿಯ ಈ ಸಾಧನವನ್ನು ಪಡೆದ ಬಡ ಕುಟುಂಬಗಳಿವೆ. ಪ್ರೊಸೆಸರ್ ಕಳೆದರೆ ಬದಲಿಯನ್ನು ತಾವಾಗಿ ಕೊಳ್ಳುವ ಶಕ್ತಿ ಅವರಿಗೆ ಇರುವುದಿಲ್ಲ, ಮತ್ತು ಹೊಸದು ಸಿಗುವವರೆಗೆ ಮಗು ಭಾಷೆ ಕಲಿಯುವ ವಯಸ್ಸಿನ ತಿಂಗಳುಗಳನ್ನು ಕಳೆದುಕೊಳ್ಳುತ್ತದೆ. ಬಂಡಿ ಹತ್ತುವ ಜಾಗದಲ್ಲೇ ಬೀಗವಿರುವ, ರಸೀದಿ ಕೊಡುವ ಪೆಟ್ಟಿಗೆಯನ್ನು ಇಡಲು ಉದ್ಯಾನಕ್ಕೆ ತಗಲುವ ಖರ್ಚು ಅತ್ಯಲ್ಪ.

ಪ್ರತಿ ಆಟಕ್ಕೂ ಕುಳಿತವರ ತಲೆಯ ಎತ್ತರದಲ್ಲಿ ಅಳೆದ ಕಾಂತಕ್ಷೇತ್ರದ ಬಲ, ಬಂಧಕದ ವಿಧ, ತಲೆಗೆ ಪೆಟ್ಟು ತಗಲುವ ಸಾಧ್ಯತೆ, ಇವುಗಳನ್ನು ಆಟದ ತಯಾರಕರು ಬರೆದುಕೊಡಬೇಕು. ಉದ್ಯಾನಕ್ಕೆ ಪರವಾನಗಿ ನೀಡುವ ಅಧಿಕಾರಿಗಳು ಅದನ್ನು ಟಿಕೆಟ್ ಕೊಳ್ಳುವ ಮೊದಲೇ ಓದುವಂತೆ ಕನ್ನಡದಲ್ಲಿಯೂ ಪ್ರಕಟಿಸುವುದನ್ನು ಕಡ್ಡಾಯ ಮಾಡಬೇಕು. ಇಂಪ್ಲಾಂಟ್ ತಯಾರಕರು ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ತಜ್ಞ ಸಂಸ್ಥೆಗಳು ಆ ಅಂಕಿಗಳನ್ನು ನೋಡಿ ಮಾದರಿವಾರು ಅಭಿಪ್ರಾಯ ಕೊಡಬಲ್ಲವು. ಅಷ್ಟು ಮಾಹಿತಿ ಮುಂದಿಡುವವರೆಗೆ, ಇಂಪ್ಲಾಂಟ್ ಧರಿಸಿದ ಯಾರನ್ನೇ ಆಗಲಿ ಸರತಿಯಿಂದ ಹೊರಗೆ ಕಳುಹಿಸುವ ಉದ್ಯಾನ ಆ ನಿರಾಕರಣೆಯ ಕಾರಣವನ್ನು ಸ್ಥಳದಲ್ಲೇ ಲಿಖಿತವಾಗಿ ಕೊಡಬೇಕು.