ಹುಟ್ಟಿನ ಖರ್ಚು ಯಾರದು?

ರಾಯಚೂರು ತಾಲ್ಲೂಕಿನ ಕುರ್ವಕುರ್ದಾ, ಕುರ್ವಕುಲಾ ನಡುಗಡ್ಡೆಯವರು ತಲೆಮಾರುಗಳಿಂದ ಕೃಷ್ಣೆಯನ್ನು ತೆಪ್ಪದಲ್ಲಿ ದಾಟಿದವರು. ಗುಂಡಗಿನ ತೆಪ್ಪಕ್ಕೆ ಮುಂದಿಲ್ಲ, ಹಿಂದಿಲ್ಲ. ಹುಟ್ಟು ಹಾಕದಿದ್ದರೆ ಗಿರಗಿರ ತಿರುಗುತ್ತದೆ. 1520ರ ಸುಮಾರಿಗೆ ತುಂಗಭದ್ರೆಯಲ್ಲಿ ಇಂಥವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಕೂಡ, ಅವು ಸುತ್ತುತ್ತಲೇ ಸಾಗುತ್ತವೆ ಎಂದು ಬರೆದಿದ್ದಾನೆ.

ಹಾಗಾದರೆ ಹುಟ್ಟಿಗೆ ಎಷ್ಟು ಖರ್ಚು ಮಾಡಬೇಕು? ‘ಯಾವುದೋ ಹಲಗೆ ಸಾಕು’ ಎನ್ನುವವರು ದಡದಲ್ಲಿ ನಿಂತವರು. ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟರೆ ದೇವದುರ್ಗದ ಹೂವಿನಹೆಡಗಿ ಸೇತುವೆಯೇ ಮುಳುಗುತ್ತದೆ. ಆ ಸೆಳವಿನ ಅಂಚಿನಲ್ಲೂ ಸೀಳು ಹಲಗೆ ನಂಬುವುದೇ?

ನನ್ನ ವಾದ ಇಷ್ಟೇ: ಮಾನ್ವಿಯ ರಸ್ತೆಗೆ ಡಾಂಬರು ಹಾಕುವಾಗ ಬಸ್ ಚಾಲಕನ ಜೇಬಿಗೆ ಯಾರೂ ಕೈಹಾಕುವುದಿಲ್ಲ. ಹೊಳೆಯೂ ದಾರಿಯೇ. ಅಂಬಿಗ ಮಾತ್ರ ಹುಟ್ಟಿನ ದುಡ್ಡು ಎಣಿಸುತ್ತ ಏಕೆ ಕೂರಬೇಕು? ತೆಪ್ಪ ನಡೆಯುವಲ್ಲೆಲ್ಲ ಗಟ್ಟಿ ಮರದ ಎರಡು ಹುಟ್ಟು, ಕೂತವರಿಗೆಲ್ಲ ಲೈಫ್ ಜಾಕೆಟ್ ಪಂಚಾಯಿತಿಯೇ ಕೊಡಲಿ.