ಗುಂಡಿಗೆಯ ಗಾಯಕ್ಕೆ ಕಾಲು ಶತಮಾನ

ಕುಯ್ದ ಚರ್ಮ ಕೂಡಿಕೊಳ್ಳುತ್ತದೆ, ಮುರಿದ ಮೂಳೆ ಬೆಸೆದುಕೊಳ್ಳುತ್ತದೆ. ಹೃದಯಕ್ಕೆ ಆ ಭಾಗ್ಯವಿಲ್ಲ. ದೊಡ್ಡ ಹೃದಯಾಘಾತವೊಂದರಲ್ಲಿ ನೂರು ಕೋಟಿಯಷ್ಟು ಸ್ನಾಯುಕೋಶಗಳು ಸಾಯಬಹುದು. ಆ ಜಾಗವನ್ನು ತುಂಬುವುದು ಮಿಡಿಯಲಾರದ ಗಡಸು ಕಲೆ. ಸ್ಟೆಂಟ್ ಹಾಕಿ ರಕ್ತನಾಳ ತೆರೆಯಬಹುದು, ಮಾತ್ರೆ ಕೊಟ್ಟು ಉಳಿದ ಸ್ನಾಯುವಿನ ಹೊರೆ ಇಳಿಸಬಹುದು. ಸತ್ತ ಸ್ನಾಯುವನ್ನು ಮರಳಿ ತರುವ ಔಷಧ ಮಾತ್ರ ಇವತ್ತಿಗೂ ಇಲ್ಲ.

2001ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೇಖನ ಅದಕ್ಕೇ ಅಷ್ಟೊಂದು ಸಂಭ್ರಮ ತಂದಿತು. ಗಾಯಗೊಂಡ ಇಲಿಯ ಹೃದಯಕ್ಕೆ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು (ಸ್ಟೆಮ್ ಸೆಲ್) ಚುಚ್ಚಿದರೆ ಒಂಬತ್ತೇ ದಿನಗಳಲ್ಲಿ ಹಾಳಾದ ಭಾಗದ ಶೇಕಡಾ 68ರಷ್ಟು ಜಾಗದಲ್ಲಿ ಹೊಸ ಸ್ನಾಯು ಮೂಡುತ್ತದೆ ಎಂದು ನ್ಯೂಯಾರ್ಕಿನ ಪಿಯೆರೊ ಅನ್ವೆರ್ಸಾ ತಂಡ ಬರೆದಿತ್ತು. ಅದೇ ವಸಂತದಲ್ಲಿ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ಬೋಡೋ ಸ್ಟ್ರಾವರ್ ಒಬ್ಬ ರೋಗಿಯ ಹೃದಯದ ರಕ್ತನಾಳಕ್ಕೆ ಅವನದೇ ಮಜ್ಜೆಯ ಕೋಶಗಳನ್ನು ಹಾಯಿಸಿಯೂ ಆಗಿತ್ತು. ಮುಂದಿನ ವರ್ಷಗಳಲ್ಲಿ ಸಾವಿರಾರು ರೋಗಿಗಳು ಇಂಥ ಪ್ರಯೋಗಗಳಿಗೆ ಮೈಯೊಡ್ಡಿದರು.

ಹಿಂತಿರುಗಿ ನೋಡುವಾಗ ಹೆಚ್ಚು ಹೊತ್ತು ನಿಲ್ಲಬೇಕಾದದ್ದು 2004ರಲ್ಲಿ. ಆ ವರ್ಷ ಅದೇ ‘ನೇಚರ್’ನಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳು, ಮಜ್ಜೆಯ ಕೋಶಗಳಿಗೆ ಗುರುತು ಹಚ್ಚಿ ಹಿಂಬಾಲಿಸಿ, ಅವು ಹೃದಯದೊಳಗೆ ಹೃದಯಸ್ನಾಯುವಾಗಿ ಬದಲಾಗುವುದಿಲ್ಲ ಎಂದು ತೋರಿಸಿದವು. ಮೂರೇ ವರ್ಷಕ್ಕೆ ಬುಡ ಅಲ್ಲಾಡಿತ್ತು. ಆದರೂ ಚಿಕಿತ್ಸೆ ನಿಲ್ಲಲಿಲ್ಲ, ಅದಕ್ಕೆ ಕೊಡುವ ಕಾರಣವಷ್ಟೇ ಬದಲಾಯಿತು. ಕೋಶಗಳು ಸ್ನಾಯುವಾಗದಿದ್ದರೇನು, ಅವು ಸ್ರವಿಸುವ ವಸ್ತುಗಳು ಹೃದಯಕ್ಕೆ ಬಲ ಕೊಡುತ್ತವೆ, ಇ.ಎಫ್. (ಪ್ರತಿ ಮಿಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾವಾರು ಪ್ರಮಾಣ) ಏರುತ್ತಿದೆಯಲ್ಲ ಎಂದು ಚಿಕಿತ್ಸೆಯ ಪರವಾದವರು ಹೇಳಿದರು. ಹೃದ್ರೋಗಿಗಳ ಮನೆಗಳಲ್ಲಿ ಈ ಎರಡಕ್ಷರ ಎಲ್ಲರಿಗೂ ಗೊತ್ತು. ಎಕೋ ರಿಪೋರ್ಟ್ ಕೈಗೆ ಬಂದೊಡನೆ ಕಣ್ಣು ಹುಡುಕುವುದೇ ಅದನ್ನು. 2006ರಲ್ಲಿ ಒಂದು ಜರ್ಮನ್ ಪ್ರಯೋಗದಲ್ಲಿ ಕೋಶ ಪಡೆದವರ ಇ.ಎಫ್. 5.5 ಅಂಶ ಏರಿತು, ಪಡೆಯದವರದು 3. ಅಂತರ ಎರಡೂವರೆ. ಒಂದೇ ಹೃದಯವನ್ನು ಇಬ್ಬರು ಅಳೆದರೂ ಅಷ್ಟು ವ್ಯತ್ಯಾಸ ಬರಬಹುದು. ಅದೇ ಸಂಚಿಕೆಯಲ್ಲಿ ಬಂದ ನಾರ್ವೆಯ ಪ್ರಯೋಗದಲ್ಲಿ ಪ್ರಯೋಜನವೇ ಕಾಣಲಿಲ್ಲ.

2014ರಲ್ಲಿ ಲಂಡನ್ನಿನ ಸಂಶೋಧಕರು ಇಂಥ 49 ಪ್ರಯೋಗಗಳ ವರದಿಗಳನ್ನು ಸಾಲುಸಾಲಾಗಿ ಓದಿದರು. ಎರಡೂ ನಿಜವಾಗಿರಲು ಸಾಧ್ಯವೇ ಇಲ್ಲದ ಹೇಳಿಕೆಗಳು ಆರುನೂರಕ್ಕೂ ಹೆಚ್ಚು ಸಿಕ್ಕವು. ವರದಿಯಲ್ಲಿ ತಪ್ಪು ಹೆಚ್ಚಿದಷ್ಟೂ ಚಿಕಿತ್ಸೆಯ ‘ಫಲ’ವೂ ಹೆಚ್ಚು. ಒಂದೂ ತಪ್ಪಿಲ್ಲದ ಐದು ಪ್ರಯೋಗಗಳಲ್ಲಿ ಫಲ ಸೊನ್ನೆಯ ಆಸುಪಾಸು. ಈ ಕಾಲು ಶತಮಾನದಲ್ಲಿ ರೋಗಿಗಳ ಪರವಾಗಿ ನಡೆದ ಅತ್ಯಂತ ಪ್ರಾಮಾಣಿಕ ಕೆಲಸಗಳಲ್ಲಿ ಇದೊಂದು ಎಂದು ನಾವು ಭಾವಿಸುತ್ತೇವೆ. 2018ರ ಅಕ್ಟೋಬರ್‌ನಲ್ಲಿ ಅನ್ವೆರ್ಸಾ ನಂತರ ಸೇರಿದ್ದ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಅದರ ಬೋಧನಾ ಆಸ್ಪತ್ರೆ, ಅವರ ಪ್ರಯೋಗಾಲಯದ 31 ಲೇಖನಗಳನ್ನು ಹಿಂಪಡೆಯುವಂತೆ ಪತ್ರಿಕೆಗಳನ್ನು ಕೋರಿದವು. ಅನುಮಾನ ಅಚ್ಚಾದದ್ದು 2004ರಲ್ಲಿ. ನಡುವೆ ಸಂದ ಹದಿನಾಲ್ಕು ವರ್ಷ ಹೃದಯ ಸೋತವರ ಪಾಲಿಗೆ ಸಣ್ಣ ಅವಧಿಯಲ್ಲ.

ಅದೇ ವರ್ಷಗಳಲ್ಲಿ ಸದ್ದಿಲ್ಲದೆ ಬೇರೆ ಕೆಲಸವೂ ಸಾಗಿತ್ತು. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿ ಸೇರಿದ್ದ ಕಾರ್ಬನ್-14 ನಮ್ಮ ಜೀವಕೋಶಗಳಲ್ಲೂ ಉಳಿದಿದೆ. ಅದನ್ನೇ ಗಡಿಯಾರ ಮಾಡಿಕೊಂಡ ಸ್ವೀಡನ್ನಿನ ಯೋನಾಸ್ ಫ್ರೀಸೆನ್ ತಂಡ, ಇಪ್ಪತ್ತೈದರ ಹರೆಯದಲ್ಲಿ ಹೃದಯಸ್ನಾಯುವಿನ ಕೋಶಗಳು ವರ್ಷಕ್ಕೆ ನೂರರಲ್ಲಿ ಒಂದರಂತೆ ಹೊಸದಾಗುತ್ತವೆ, ಎಪ್ಪತ್ತೈದರಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ ಎಂದು 2009ರಲ್ಲಿ ತೋರಿಸಿತು. ಹೃದಯ ತನ್ನನ್ನು ತಾನು ನವೀಕರಿಸಿಕೊಳ್ಳುವುದು ನಿಜ, ಆಘಾತಕ್ಕೆ ಆ ವೇಗ ಸಾಲದು. ಹಾಗಾದರೆ ಸ್ನಾಯುವನ್ನೇ ಹೊರಗೆ ಬೆಳೆಸಿ ತರಬೇಕು. ಬೆಳೆದ ಜೀವಕೋಶವನ್ನು ಭ್ರೂಣದ ಸ್ಥಿತಿಗೆ ಹಿಂದಿರುಗಿಸುವ ಶಿನ್ಯಾ ಯಮನಾಕಾ ವಿಧಾನ 2006ರಲ್ಲಿ ಆ ದಾರಿ ತೆರೆದಿತ್ತು. 2020ರ ಜನವರಿಯಲ್ಲಿ ಒಸಾಕಾ ವಿಶ್ವವಿದ್ಯಾಲಯದ ವೈದ್ಯರು ಅಂಥ ಕೋಶಗಳಿಂದ ಬೆಳೆಸಿದ ಸ್ನಾಯುವಿನ ಹಾಳೆಯನ್ನು ರೋಗಿಯ ಹೃದಯದ ಮೇಲೆ ಹೊದಿಸಿದರು. ಇಲ್ಲಿಯೂ ಅಪಾಯಗಳಿವೆ. ಹೊಸ ಸ್ನಾಯು ಹಳೆಯದರ ತಾಳಕ್ಕೆ ಕೂಡದಿದ್ದರೆ ಮಿಡಿತ ಅಡ್ಡಾದಿಡ್ಡಿಯಾಗುತ್ತದೆ. ಬೇರೆಯವರ ಕೋಶವಾದರೆ ದೇಹ ಅದನ್ನು ತಿರಸ್ಕರಿಸದಂತೆ ಔಷಧ ನುಂಗುತ್ತಲೇ ಇರಬೇಕು.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ಮಜ್ಜೆ ಕಸಿಯನ್ನು ಬಿಟ್ಟರೆ ಕಾಂಡಕೋಶದ ಬಳಕೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನೊಳಗೆ ಮಾತ್ರ. ಹೃದಯ ಸೋತವರ ಮನೆಯವರು ಹೊಲ ಮಾರಿಯಾದರೂ ಉಳಿಸಿಕೊಳ್ಳಲು ನೋಡುತ್ತಾರೆ. ‘ಸ್ಟೆಮ್ ಸೆಲ್ ಹಾಕುತ್ತೇವೆ, ಇಷ್ಟು ಲಕ್ಷ ಕಟ್ಟಿ’ ಎಂದು ಯಾರಾದರೂ ಕೇಳಿದರೆ, ದಯವಿಟ್ಟು ಕಟ್ಟಬೇಡಿ. ಪ್ರಯೋಗಕ್ಕೆ ದೇಹ ಕೊಡುವವನಿಂದಲೇ ದುಡ್ಡು ಕೇಳುವುದು ನ್ಯಾಯವಲ್ಲ.

ಹೊರಗೆ ಸ್ನಾಯು ಬೆಳೆಸುವ ಕೆಲಸ ಮಾತ್ರ ಮುಂದೆ ಸಾಗಿದೆ. 2025ರ ಜನವರಿಯಲ್ಲಿ ಜರ್ಮನಿಯ ಗೋಟಿಂಗೆನ್‌ನ ತಂಡ 46 ವರ್ಷದ ಮಹಿಳೆಯೊಬ್ಬರ ವಿವರ ಪ್ರಕಟಿಸಿತು. ಕೊಲಾಜೆನ್‌ನಲ್ಲಿ ಬೆಳೆಸಿದ ಸ್ನಾಯುವಿನ ತೇಪೆಯನ್ನು ಅವರ ಸೋತ ಹೃದಯಕ್ಕೆ ಹೊಲಿದಿದ್ದರು. ಮೂರು ತಿಂಗಳ ನಂತರ ದಾನಿಯ ಹೃದಯ ಸಿಕ್ಕಿ ಕಸಿಯಾಯಿತು. ಹೊರತೆಗೆದ ಹಳೆಯ ಹೃದಯವನ್ನು ಪರೀಕ್ಷಿಸಿದಾಗ ತೇಪೆಯ ಸ್ನಾಯು ಅಲ್ಲಿ ಜೀವಂತವಾಗಿತ್ತು, ಅದರೊಳಗೆ ರಕ್ತನಾಳಗಳೂ ಬೆಳೆದಿದ್ದವು.