ಸೊಂಟನೋವಿಗೆ ನೂರು ದಿನ ಆಂಟಿಬಯೋಟಿಕ್? ದಯವಿಟ್ಟು ಬೇಡ (ಭಾಗ 14)

ಊರಿನ ಗ್ರೂಪಿನಲ್ಲಿ ಈ ತಿಂಗಳು ಮೂರು ಸಲ ಬಂದ ಫಾರ್ವರ್ಡ್‌ಗೆ ಇದು ಉತ್ತರ. "ಸೊಂಟನೋವಿಗೆ ಕಾರಣ ಬ್ಯಾಕ್ಟೀರಿಯಾ, ನೂರು ದಿನ ಮಾತ್ರೆ ನುಂಗಿದರೆ ಆಪರೇಷನ್ನೇ ಬೇಡ" ಅಂತ. ನಾಲ್ಕು ಜನ ನನಗೇ ಮೆಸೇಜ್ ಮಾಡಿ ಮಾತ್ರೆ ಹೆಸರು ಕೇಳಿದ್ರಿ. ಒಬ್ಬರಂತೂ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದು ಶುರು ಮಾಡಿಯೂ ಆಗಿದೆ. ಹೆಸರು ಹೇಳಲ್ಲ. ಭಾವ, ಆ ಸ್ಟ್ರಿಪ್ ಜೇಬಲ್ಲಿ ಇಟ್ಕೊಂಡು ಇವತ್ತೇ ಡಾಕ್ಟರ ಹತ್ರ ಹೋಗಿ.

ಇದು ಪೂರ್ತಿ ಗಾಳಿಸುದ್ದಿ ಆಗಿದ್ದರೆ ನಾನು ಇಷ್ಟು ಬರೀತಿರಲಿಲ್ಲ. 2001ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವೈದ್ಯರು ಆಪರೇಷನ್‌ನಲ್ಲಿ ತೆಗೆದ ಡಿಸ್ಕ್ ಚೂರುಗಳನ್ನು ಕಲ್ಚರ್‌ಗೆ ಹಾಕಿದರು. 36 ಜನರಲ್ಲಿ 19 ಜನರದ್ದರಲ್ಲಿ ಬ್ಯಾಕ್ಟೀರಿಯಾ ಬೆಳೀತು. ಹೆಚ್ಚಿನದು ನಮ್ಮ ಮುಖದ ಮೊಡವೆಯಲ್ಲಿ ಇರುವ ಬ್ಯಾಕ್ಟೀರಿಯಾವೇ. ಅದಕ್ಕೆ ಆಮ್ಲಜನಕ ಬೇಕಿಲ್ಲ, ಡಿಸ್ಕ್‌ನೊಳಗೆ ರಕ್ತನಾಳವೂ ಇಲ್ಲ, ಹಾಗಾಗಿ ಅಲ್ಲಿ ಸದ್ದಿಲ್ಲದೆ ಕೂತು ಪಕ್ಕದ ಮೂಳೆಯನ್ನು ಕೆಣಕುತ್ತೆ ಅನ್ನೋದು ವಾದ. ಕೇಳಲಿಕ್ಕೆ ಸರಿಯಾಗೇ ಇದೆ.

ಆದರೆ ಅದೇ ಬ್ಯಾಕ್ಟೀರಿಯಾ ನಮ್ಮೆಲ್ಲರ ಚರ್ಮದ ಮೇಲೂ ಇರುತ್ತೆ. ಡಿಸ್ಕ್‌ಗೆ ಹೋಗಬೇಕಾದರೆ ಚರ್ಮ ಕೊಯ್ದೇ ಹೋಗಬೇಕಲ್ಲ? ಬ್ಲಡ್ ಕಲ್ಚರ್ ತೆಗೆಯುವ ಯಾವ ನರ್ಸನ್ನಾದರೂ ಕೇಳಿ. ಚರ್ಮ ಸರಿಯಾಗಿ ಒರೆಸದೆ ಸೂಜಿ ಚುಚ್ಚಿದರೆ ಬಾಟಲಿಯಲ್ಲಿ ಬೆಳೆಯೋದು ರಕ್ತದ ಸೋಂಕಲ್ಲ, ತೋಳಿನ ಮೇಲಿದ್ದದ್ದು. ಡಿಸ್ಕ್‌ನಲ್ಲಿ ಸಿಕ್ಕಿದ್ದು ಒಳಗಿನದೋ ಹೊರಗಿನದೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ.

2013ರಲ್ಲಿ ಡೆನ್ಮಾರ್ಕಿನವರು 162 ಜನರ ಮೇಲೆ ಪರೀಕ್ಷೆ ಮಾಡಿದರು. ಹಿಂದೆ ಡಿಸ್ಕ್ ಜಾರಿದವರು, ಆರು ತಿಂಗಳಿಗಿಂತ ಹೆಚ್ಚು ನೋವಿದ್ದವರು, ಎಂಆರ್‌ಐನಲ್ಲಿ ಮೋಡಿಕ್ ಟೈಪ್ 1 ಅನ್ನೋ ಮೂಳೆ ಬದಲಾವಣೆ ಕಂಡವರು ಮಾತ್ರ. ನೂರು ದಿನ ಅಮಾಕ್ಸಿಸಿಲಿನ್-ಕ್ಲಾವುಲನೇಟ್. ತೊಂದರೆ ಅಳೆಯುವ ಪಟ್ಟಿಯಲ್ಲಿ ಮಾತ್ರೆ ತಗೊಂಡವರದ್ದು ಒಂದು ವರ್ಷಕ್ಕೆ 15ರಿಂದ 5.7ಕ್ಕೆ ಇಳೀತು, ಸುಳ್ಳುಮಾತ್ರೆಯವರದ್ದು 14ರಲ್ಲೇ ನಿಂತಿತು. ಇಲ್ಲಿನ ಪೇಪರ್‌ಗಳು ಕುಣಿದಾಡಿದವು. ನಿಮ್ಮ ಫಾರ್ವರ್ಡ್ ಅಲ್ಲಿಗೇ ನಿಂತಿದೆ.

ಮುಂದಿನ ಕಥೆ ಯಾಕೆ ಯಾರೂ ಫಾರ್ವರ್ಡ್ ಮಾಡಲ್ಲ? ನಾರ್ವೆಯವರು 180 ಜನರ ಮೇಲೆ ಮತ್ತೆ ಪರೀಕ್ಷಿಸಿ 2019ರಲ್ಲಿ ಬಿಎಂಜೆಯಲ್ಲಿ ಪ್ರಕಟಿಸಿದರು. ದಿನಕ್ಕೆ ಮೂರು ಸಲ 750 ಮಿಲಿಗ್ರಾಂ ಅಮಾಕ್ಸಿಸಿಲಿನ್, ನೂರು ದಿನ. ವರ್ಷದ ನಂತರ ಎರಡು ಗುಂಪಿನ ನಡುವೆ ವ್ಯತ್ಯಾಸ 1.6 ಅಂಕ. ಕನಿಷ್ಠ 4 ಇದ್ದರೆ ಮಾತ್ರ ರೋಗಿಗೆ ಪ್ರಯೋಜನ ಅಂತ ಅವರೇ ಮೊದಲೇ ತೀರ್ಮಾನಿಸಿದ್ದರು. ಮಾತ್ರೆಯ ಅಡ್ಡಪರಿಣಾಮ ಆದದ್ದು ನೂರಕ್ಕೆ 56 ಜನರಿಗೆ, ಸುಳ್ಳುಮಾತ್ರೆಯವರಲ್ಲಿ 34. ಸಂಶೋಧನೆ ನಡೀಲಿ, ನನ್ನ ತಕರಾರಿಲ್ಲ. ನಮ್ಮ ಅತ್ತಿಗೆಯ ಹೊಟ್ಟೆಯಲ್ಲಿ ನಡೆಯೋದು ಬೇಡ ಅಷ್ಟೆ.

"ತಗೊಂಡ್ರೆ ಏನು ನಷ್ಟ?" ಅನ್ನೋ ಮಾತಿಗೇ ನನಗೆ ಸಿಟ್ಟು ಬರೋದು. ನಷ್ಟ ಇದೆ. ಪೆನ್ಸಿಲಿನ್ ಅಲರ್ಜಿ ಇದ್ದವರಿಗೆ ಜೀವಕ್ಕೇ ಬರಬಹುದು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಭೇದಿ ಹಿಡಿದು ಆಸ್ಪತ್ರೆ ಸೇರಿದವರಿದ್ದಾರೆ. ನಾಳೆ ಮೂತ್ರದ ಸೋಂಕೋ ನ್ಯುಮೋನಿಯಾವೋ ಬಂದಾಗ ಇದೇ ಔಷಧಿ ಕೆಲಸ ಮಾಡದೆ ಹೋಗಬಹುದು. ಎರಡು ಸ್ಟ್ರಿಪ್ ನುಂಗಿ ಬಿಟ್ಟವರಿಗೆ ಡೆನ್ಮಾರ್ಕಿನ ಫಲವೂ ಇಲ್ಲ, ಅಡ್ಡಪರಿಣಾಮ ಮಾತ್ರ ಲಾಭ.

ಇನ್ನೊಂದು. ಬೆನ್ನುಮೂಳೆಗೆ ನಿಜವಾದ ಸೋಂಕು ಬರುತ್ತೆ, ಅದರ ಬಗ್ಗೆ ಯಾರಿಗೂ ಅನುಮಾನವಿಲ್ಲ. ಟಿಬಿ ಬೆನ್ನುಮೂಳೆಗೂ ಬರುತ್ತೆ. ಹಸಿ ಹಾಲು ಕುಡಿಯುವವರಿಗೆ, ಕಂದು ಹಾಕಿದ ಹಸುವಿನ ಸತ್ತೆ ಬರಿಗೈಲಿ ತೆಗೆಯುವವರಿಗೆ ಬ್ರುಸೆಲ್ಲಾ ಬರಬಹುದು. ನಮ್ಮೂರಲ್ಲಿ ಕೊಟ್ಟಿಗೆ ಇರುವ ಮನೆಗಳೇ ಜಾಸ್ತಿ, ಇದನ್ನು ಎರಡು ಸಲ ಓದಿ. ಇವಕ್ಕೆ ಬೇರೆಯೇ ಔಷಧಿಗಳು, ತಿಂಗಳುಗಟ್ಟಲೆ, ಪರೀಕ್ಷೆ ಮಾಡಿಸಿದ ಮೇಲೆ. ಮೆಡಿಕಲ್ ಶಾಪಿನ ಮಾತ್ರೆ ನುಂಗ್ತಾ ಕೂತರೆ ಅಷ್ಟು ದಿನ ಕಾಯಿಲೆ ಒಳಗೆ ಬೆಳೀತಾ ಇರುತ್ತೆ. ಸೊಂಟನೋವಿನ ಜೊತೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಮಲಗಿದರೂ ಬಿಡದ ನೋವು ಇದ್ದರೆ ಬೇಗ ಡಾಕ್ಟರಿಗೆ ತೋರಿಸಿ. ಕಾಲು ಸೋತರೆ, ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆ.

ಎಂಆರ್‌ಐ ರಿಪೋರ್ಟಿನ ಫೋಟೋ ನನಗೆ ಕಳಿಸಬೇಡಿ. "ಮೋಡಿಕ್" ಅಂತ ಬರೆದಿದ್ದರೆ ಅದು ಸೋಂಕು ಅಂತಲ್ಲ, ನಿಮಗೆ ಸ್ಕ್ಯಾನ್ ಬರೆದ ಡಾಕ್ಟರನ್ನೇ ಕೇಳಿ. ಮತ್ತೆ ಭಾವ, ಹೋಗಿ ಬಂದ ಮೇಲೆ ಒಂದು ಫೋನ್ ಮಾಡಿ.